ಘಟ್ಟದ ಮೇಲಿನ ತಂಡೇಲರು

ಬಿಸಿಲೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಎಸ್ಟೇಟು. ಅದರ ಕಾಫಿ ಒಣಗಿಸುವ ಕಣದ ತುದಿಯಲ್ಲಿ ನಿಂತರೆ ಸಮುದ್ರ ಕಾಣುತ್ತದೆ ಎಂದು ಅಲ್ಲಿನವರೆಲ್ಲ ನಂಬಿದ್ದರು. ಚಳಿಗಾಲದಲ್ಲಿ ಮಂಜು ಸರಿದ ಮೇಲೆ ಪಡುವಣದ ಬೆಟ್ಟಗಳ ಆಚೆ ಒಂದು ಬೆಳ್ಳನೆಯ ಗೆರೆ ಕಾಣುತ್ತಿದ್ದದ್ದು ನಿಜ. ಪಕ್ಕದ ಶಾಲೆಗೆ ನಾನು ಮೇಷ್ಟ್ರಾಗಿ ಬಂದ ಮೊದಲ ವಾರವೇ ಎಸ್ಟೇಟಿನ ಮೇಸ್ತ್ರಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ.

"ಅಗೋ ನೋಡಿ ಮೇಷ್ಟ್ರೇ, ಅದೇ ಸಮುದ್ರ. ಬರಿಗಣ್ಣಿಗೇ ಕಾಣ್ತೈತೆ."

ಕುಂದೂರಿನ ಹೊಲಗಳ ನಡುವೆ ಹುಟ್ಟಿ ಬೆಳೆದ ನಾನು ಅದುವರೆಗೆ ಸಮುದ್ರ ನೋಡಿದವನಲ್ಲ. ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಹಿಂದಿನಿಂದ ಯಾರೋ, "ಅದು ಸಮುದ್ರ ಅಲ್ಲ ಮಾಸ್ಟ್ರೇ, ಮೋಡ" ಎಂದರು.

"ಸುಮ್ನಿರಿ ರೈಟ್ರೇ. ಬಂದೋರಿಗೆಲ್ಲ ಹಂಗೇ ಹೇಳ್ತೀರ" ಎಂದು ಮೇಸ್ತ್ರಿ ನಕ್ಕ.

"ಇಲ್ಲಿಂದ ಕಾಣುದಾದ್ರೆ ನನಗೆ ಕಾಣ್ತಿರಲಿಲ್ವಾ" ಎಂದು ಹೇಳಿ ಅವರು ಹಾಜರಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದರು.

ಹಾಗೆ ಹೇಳಿದವರೇ ದಿನಾ ಬೆಳಿಗ್ಗೆ ಹಾಜರಿ ಕರೆಯುವ ಮೊದಲು ಅದೇ ಜಾಗದಲ್ಲಿ ಪಡುವಣಕ್ಕೆ ಮುಖ ಮಾಡಿ ಐದು ನಿಮಿಷ ನಿಲ್ಲುತ್ತಿದ್ದರು. ಕಾಣುವುದಿಲ್ಲವೆಂದು ಗೊತ್ತಿದ್ದೂ ಯಾಕೆ ನಿಲ್ಲುತ್ತೀರಿ ಎಂದು ಒಮ್ಮೆ ಕೇಳಿದೆ. "ಗಾಳಿ ಅಲ್ಲಿಂದ ಬರ್ತದೆ" ಎಂದರು.

ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಹೆಸರು ಬರೆಯುವುದಿಲ್ಲ. ಅವರ ತಮ್ಮ ಇನ್ನೂ ಅದೇ ಬಂದರಿನಲ್ಲಿ, ಅದೇ ಜನರ ನಡುವೆ ಬಾಳುತ್ತಿದ್ದಾರೆ. ಎಸ್ಟೇಟಿನವರಿಗೆ ಅವರು ರೈಟ್ರು. ಆಳುಗಳ ಹಾಜರಿ ಬರೆದು, ಯಾರು ಯಾವ ಕಡೆ ಕೆಲಸಕ್ಕೆ ಹೋಗಬೇಕೆಂದು ಹಂಚುವುದು ಅವರ ಕೆಲಸ. ಕರಾವಳಿಯಲ್ಲಿದ್ದಾಗ ಅವರನ್ನು ತಂಡೇಲರು ಎನ್ನುತ್ತಿದ್ದರಂತೆ. ಬೋಟು ನಡೆಸುವ ಮುಖ್ಯಸ್ಥ ಎಂದರ್ಥ. ಆ ಹೆಸರು ಘಟ್ಟದ ಮೇಲೆ ಗೊತ್ತಿದ್ದದ್ದು ಅವರ ಹೆಂಡತಿಗೆ, ಆಮೇಲೆ ನನಗೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಎಸ್ಟೇಟಿನವರು ಒಂದು ಹೆಂಚಿನ ಕ್ವಾರ್ಟರ್ಸನ್ನು ನಡುವೆ ಗೋಡೆ ಹಾಕಿ ಎರಡು ಮಾಡಿ, ಅರ್ಧ ನನಗೆ ಬಾಡಿಗೆಗೆ ಕೊಟ್ಟರು. ಇನ್ನರ್ಧದಲ್ಲಿ ಅವರು, ಅವರ ಹೆಂಡತಿ. ಗೋಡೆ ಹೆಂಚಿನವರೆಗೆ ಏರಿರಲಿಲ್ಲ. ಆಚೆ ಕೆಮ್ಮಿದರೆ ಈಚೆ ಕೇಳಿಸುತ್ತಿತ್ತು. ಸಂಜೆ ಅವರಿಬ್ಬರೂ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುವಾಗ ನಾನು ರೇಡಿಯೊ ಸಣ್ಣಗೆ ಮಾಡುತ್ತಿದ್ದೆ. ನಾನು ಪೂಜೆಗೆ ಕೂತಾಗ ಅವರು ಮಾತು ತಗ್ಗಿಸುತ್ತಿದ್ದರು. ಅವರ ಹೆಂಡತಿಯನ್ನು ಎಲ್ಲರೂ ಬಾಯಮ್ಮ ಎನ್ನುತ್ತಿದ್ದರು. ನಾನು ಮಾಂಸ ಮೀನು ಮುಟ್ಟದ ಮನೆಯವನೆಂದು ತಿಳಿದು, ಬಾಯಮ್ಮ ಮೊದಲ ದಿನವೇ ಬಂದು ವಿಚಾರಿಸಿದರು.

"ವಾಸನೆ ಆದ್ರೆ ಹೇಳಿ ಮಾಸ್ಟ್ರೇ. ನಾವು ಹೊರಗೆ ಒಲೆ ಹಾಕ್ತೇವೆ."

"ಎಂತ ವಾಸನೆ? ಇಲ್ಲಿ ನಾವು ಮೀನು ಮಾಡುದೇ ಇಲ್ಲ" ಎಂದರು ರೈಟ್ರು. "ಐಸಿನ ಪೆಟ್ಟಿಗೆಯಲ್ಲಿ ಎರಡು ದಿವಸ ಮಲಗಿ ಘಟ್ಟ ಹತ್ತಿದ್ದನ್ನು ಮೀನು ಅಂತ ಹೇಳ್ಲಿಕ್ಕೆ ಆಗುದಿಲ್ಲ."

ನಾನಿದ್ದಷ್ಟು ವರ್ಷ ಆ ಮನೆಯಿಂದ ಮೀನಿನ ವಾಸನೆ ಬರಲಿಲ್ಲ. ಕಡಲ ಕರೆಯಲ್ಲಿ ಹುಟ್ಟಿದ ಗಂಡಹೆಂಡಿರು ಹುರುಳಿಸಾರು ಉಂಡುಕೊಂಡಿದ್ದರು.

ಹಾಜರಿ ಕರೆಯುವಾಗ ಅವರು ಕಾಲು ಅಗಲಿಸಿ, ಮಂಡಿ ತುಸು ಬಗ್ಗಿಸಿ ನಿಲ್ಲುತ್ತಿದ್ದರು, ನೆಲ ಯಾವ ಗಳಿಗೆಯಲ್ಲಾದರೂ ವಾಲಬಹುದು ಎನ್ನುವ ಹಾಗೆ. ಗಾಳಿಗೆ ಎದುರಾಗಿ ಕೂಗಿ ರೂಢಿಯಾದ ದನಿ. ಆಳುಗಳ ಸಾಲುಮನೆಯ, ಅಂದರೆ ಲೈನಿನ ಹೆಂಗಸರು ಕಿವಿಗೆ ಸೆರಗು ಒತ್ತಿಕೊಂಡು, "ನಾವೇನ್ ಆಚೆ ಗುಡ್ಡದಾಗೆ ಇದೀವಾ ರೈಟ್ರೇ, ಇಲ್ಲೇ ಇದೀವಿ ಕಣ್ರೀ" ಎನ್ನುತ್ತಿದ್ದರು. ಅವರು ದನಿ ತಗ್ಗಿಸುತ್ತಿದ್ದರು. ಮೂರನೆಯ ಹೆಸರಿಗೆ ಮತ್ತೆ ಏರುತ್ತಿತ್ತು. ಹಗ್ಗ ಎಳೆದೆಳೆದು ಅವರ ಬೆರಳುಗಳು ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ, ಪೂರ್ತಿ ಮಡಚಿಕೊಳ್ಳುತ್ತಲೂ ಇರಲಿಲ್ಲ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಹಾಜರಿಗೆ ಗೀಟು ಎಳೆಯಬಲ್ಲವರಾಗಿದ್ದರು. ಓದು ಬರುತ್ತಿತ್ತು. ಉದ್ದದ ಕಾಗದ ಬರೆಯುವುದಿದ್ದರೆ ನನ್ನ ಹತ್ತಿರ ಬರುತ್ತಿದ್ದರು. ನನ್ನ ಅಕ್ಷರ ದುಂಡಗಿದೆ ಎಂದು ಅವರಿಗೆ ಮೆಚ್ಚುಗೆ.

ಕಡಲಿನ ವಿಷಯ ಅವರಾಗಿ ತೆಗೆಯುತ್ತಿರಲಿಲ್ಲ. ಒಂದು ವರ್ಷ ಹೂಮಳೆ ಕೈಕೊಟ್ಟಿತು. ಕಾಫಿಗಿಡ ಮೊಗ್ಗು ಹಿಡಿದು ಕಾಯುತ್ತಿತ್ತು, ಮಳೆ ಬರಲಿಲ್ಲ. ಬಂದಾಗ ಹೊತ್ತು ಮೀರಿತ್ತು, ಮೊಗ್ಗು ಸುಟ್ಟ ಹಾಗೆ ಕಪ್ಪಾಗಿತ್ತು. ತೋಟದ ನಡುವೆ ನಡೆಯುತ್ತಿದ್ದಾಗ ಅವರು ಒಂದು ರೆಂಬೆ ಬಗ್ಗಿಸಿ ನೋಡಿದರು.

"ಬೂತಾಯಿಗೂ ಹೀಗೇ ಆದದ್ದು ಮಾಸ್ಟ್ರೇ."

ಬೂತಾಯಿ ಎಂದರೇನು ಎಂದು ಕೇಳಿದೆ. ಅಂಗೈ ತೋರಿಸಿದರು. ಇಷ್ಟುದ್ದದ ಬೆಳ್ಳಿಬಣ್ಣದ ಮೀನು, ಎಣ್ಣೆಯಂಶ ಜಾಸ್ತಿ, ಕರಾವಳಿಯ ಬಡವರ ಮನೆಯಲ್ಲಿ ದಿನಾ ಇರುವಂಥದ್ದು. ಲಕ್ಷಗಟ್ಟಲೆ ಒಟ್ಟಿಗೆ ಹಿಂಡು ಕಟ್ಟಿಕೊಂಡು ಬರುತ್ತದೆ. ಆ ಹಿಂಡನ್ನು ನೀರಿನ ಬಣ್ಣ ನೋಡಿಯೇ ಗುರುತಿಸಿ, ಬೋಟು ಸುತ್ತ ತಿರುಗಿಸಿ, ದೊಡ್ಡ ಬಲೆಯಿಂದ ಸುತ್ತುಗಟ್ಟಿ ಹಿಡಿಯುವುದು ತಂಡೇಲನ ಕೆಲಸ. ಅವರೂ ತಮ್ಮನೂ ಸೇರಿ ಇಟ್ಟುಕೊಂಡಿದ್ದದ್ದು ಅಂಥ ಬೋಟು.

"ಕಾಫಿಗೆ ಹೂಮಳೆ ಹೇಗೋ ಅದಕ್ಕೆ ಮುಂಗಾರು ಹಾಗೆ. ಮಳೆಗಾಲದ ಗಾಳಿ ಬಿದ್ದಾಗ ಮೇಲಿನ ನೀರು ಸರಿದು ಅಡಿಯ ತಣ್ಣೀರು ಮೇಲೆ ಬರ್ತದೆ. ಅದರಲ್ಲಿ ಮೀನಿಗೆ ಊಟ ಉಂಟು. ಆಗ ಬೂತಾಯಿ ದಡದ ಹತ್ತಿರ ಬಂದು ಮೊಟ್ಟೆ ಇಡ್ತದೆ. ಮೊಟ್ಟೆ ಇಡುವಾಗ ಹಿಡಿಯಬಾರದು ಅಂತಲೇ ಸರಕಾರ ಮಳೆಗಾಲದಲ್ಲಿ ಬೋಟು ಬಂದ್ ಮಾಡ್ತದೆ. ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ. ಒಳ್ಳೇದೇ. ಆದ್ರೆ ಈಗ ಮಳೆಯೇ ತಾರೀಕು ಬಿಟ್ಟಿತಲ್ಲ."

ಮಳೆ ತಡವಾದ ವರ್ಷಗಳಲ್ಲಿ ನೀರು ಬಿಸಿಯಾಗಿಯೇ ಉಳಿಯುತ್ತಿತ್ತಂತೆ. ಮೀನು ದಡಕ್ಕೆ ಬರದೆ ಆಳಕ್ಕೆ ಇಳಿಯುತ್ತಿತ್ತು, ಬಲೆ ಅಷ್ಟು ಕೆಳಗೆ ಮುಟ್ಟುತ್ತಿರಲಿಲ್ಲ. ಕೆಲವು ಸಲ ಬಡಗಣದ ಬಂದರುಗಳಲ್ಲಿ ಸಿಕ್ಕಿತೆಂದು ಸುದ್ದಿ ಬರುತ್ತಿತ್ತು. ಇವರ ಬಲೆಯಲ್ಲಿ ಯಾರೂ ಕೊಳ್ಳದ ಲೋಳೆಮೀನು ತುಂಬಿ ಬರುತ್ತಿತ್ತು. ಕೊನೆಗೆ ಮಳೆ ಬಂದು ಬೂತಾಯಿ ಮೊಟ್ಟೆ ಕಟ್ಟಿಕೊಂಡು ದಡಕ್ಕೆ ಬರುವ ಹೊತ್ತಿಗೆ ಸರಿಯಾಗಿ ಬಂದ್ ಮುಗಿದು ಎಲ್ಲ ಬೋಟುಗಳೂ ನೀರಿಗೆ ಇಳಿಯುತ್ತಿದ್ದವು.

ಮೀನುಗಾರಿಕೆ ಇಲಾಖೆಯ ಅಧಿಕಾರಿಗಳು ಒಂದು ಸಲ ಬೋಟಿನವರ ಸಭೆ ಕರೆದರು. ಕಡಲಿನಲ್ಲಿ ಏನಾದರೂ ಬದಲಾವಣೆ ಕಂಡಿದ್ದೀರಾ ಎಂದು ಕೇಳಿದರು. ಎಲ್ಲರೂ ಕಂಡಿದ್ದರು, ಯಾರೂ ಏಳಲಿಲ್ಲ. ಇವರು ಎದ್ದು ನಿಂತು ಕಂಡದ್ದನ್ನೆಲ್ಲ ಹೇಳಿದರು. ಮಳೆ ತಡವಾದ ವರ್ಷ ಬಂದ್ ಕೂಡ ಅಷ್ಟೇ ಮುಂದೆ ಹೋಗಬೇಕು ಎಂದರು. ಹೋದರೆ ಮೀನು ದಡಕ್ಕೆ ಬರುವ ವಾರಗಳಲ್ಲಿ ಯಾವ ಬೋಟಿಗೂ ಸಂಪಾದನೆ ಇರುತ್ತಿರಲಿಲ್ಲ. ಹೇಳಿದ್ದನ್ನು ಅಧಿಕಾರಿಗಳು ಬರೆದುಕೊಂಡರು, ಕೆಳಗೆ ಇವರು ಸಹಿ ಹಾಕಿದರು.

"ಕೂತುಕೊಂಡೆ. ಪಕ್ಕದ ಕುರ್ಚಿಯವ ಎದ್ದು ಬೇರೆ ಕಡೆ ಹೋಗಿ ಕೂತ."

ಮರುದಿನ ಅವರ ಬೋಟಿಗೆ ಐಸು ಸಿಗಲಿಲ್ಲ. ಹೇಗೋ ಐಸು ತಂದರೆ ಆಳುಗಳು ಹತ್ತಲಿಲ್ಲ. ಅಣ್ಣತಮ್ಮ ಇಬ್ಬರೇ ಹೋಗಿ ಸಣ್ಣ ಬಲೆಯಲ್ಲಿ ಹಿಡಿದು ತಂದ ಮೀನನ್ನು ಹರಾಜಿನಲ್ಲಿ ಯಾರೂ ಕೂಗಲಿಲ್ಲ, ಅದು ಬಿಸಿಲಿನಲ್ಲಿ ಹಾಗೇ ಬಿದ್ದಿತ್ತು.

"ಹೊಡೆಯಲಿಲ್ಲ, ಬೈಯಲಿಲ್ಲ" ಎಂದರು ರೈಟ್ರು. "ನಾವು ಕಾಣುದಿಲ್ಲ ಅಂತ ಮಾಡಿದ್ರು, ಅಷ್ಟೆ."

ತಾನು ಕಣ್ಣಮುಂದಿಂದ ಹೋದರೆ ತಮ್ಮನನ್ನಾದರೂ ಬಿಟ್ಟಾರು ಎಂದುಕೊಂಡು, ಚರ್ಚಿನ ಪರಿಚಯದವರೊಬ್ಬರ ಮೂಲಕ ಈ ಕೆಲಸ ಹಿಡಿದು ಘಟ್ಟ ಹತ್ತಿದರು. ಆದರೆ ಬೋಟು ಇಬ್ಬರ ಹೆಸರಿನಲ್ಲಿತ್ತು. ಬೋಟಿನವರ ಸಂಘದವರು ತಮ್ಮನನ್ನೂ ಬಿಡಲಿಲ್ಲ. ಅಣ್ಣ ತಾನು ಹೇಳಿದ್ದು ತಪ್ಪು ಎಂದು ಬರೆದುಕೊಡಲಿ, ಆಮೇಲೆ ನೋಡೋಣ ಎಂದರು.

"ಇಲ್ಲಿಂದ ಇಳಿಲಿಕ್ಕೆ ದಾರಿ ಮೂರುಂಟು" ಎಂದು ಅವರೊಮ್ಮೆ ಬೆರಳು ಮಡಚಲು ನೋಡಿ, ಮಡಚಲಾಗದೆ ಬಿಟ್ಟರು. "ಶಿರಾಡಿಯಲ್ಲಿ ಬಸ್ಸು. ಬಿಸಿಲೆಯಲ್ಲಿ ಜೀಪು. ರೈಲು ಈಗ ನಿಂತಿದೆ, ಹಳಿ ಸರಿಮಾಡಿದ ಮೇಲೆ ಅದೂ ಓಡ್ತದೆ. ನನಗೆ ಮಾತ್ರ ಒಂದೂ ಇಲ್ಲ."

ತಮ್ಮ ವರ್ಷಕ್ಕೊಮ್ಮೆ ಬರುತ್ತಿದ್ದರು. ಅಣ್ಣನಿಗಿಂತ ಬಹಳ ಸಣ್ಣವರು. ತಂದೆ ಬೇಗ ಹೋದದ್ದರಿಂದ ಅಣ್ಣನೇ ಸಾಕಿದ್ದು. ಅಣ್ಣನ ಮುಂದೆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ, ಹೊಸ್ತಿಲ ಮೇಲೆ ಕೂರುತ್ತಿದ್ದರು. ಇಬ್ಬರೂ ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ನನಗೆ ಅರ್ಥವಾಗುವುದಕ್ಕೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ. ತಮ್ಮ ಸಂಘದವರು ಕೊಟ್ಟ ಒಂದು ಚೀಟಿ ಮುಂದಿಡುತ್ತಿದ್ದರು, ಅಣ್ಣ ಅದನ್ನು ಓದಿ ಹಿಂದಕ್ಕೆ ಕೊಡುತ್ತಿದ್ದರು. ಬಾಯಮ್ಮ ಕಾಫಿ ತರುತ್ತಿದ್ದರು. ತಮ್ಮ ಹೊರಟ ಮೇಲೆ ಎರಡು ದಿನ ರೈಟ್ರ ಹಾಜರಿಯ ದನಿ ಸಣ್ಣದಾಗುತ್ತಿತ್ತು. ಹೆಂಗಸರು, "ರೈಟ್ರಿಗೆ ಹುಷಾರಿಲ್ಲ ಅನ್ಸುತ್ತೆ" ಎಂದುಕೊಳ್ಳುತ್ತಿದ್ದರು.

ನಾನು ಬಂದು ಮೂರನೆಯ ಮಳೆಗಾಲ. ಒಂದು ಭಾನುವಾರ ಮಧ್ಯಾಹ್ನ ತಮ್ಮ ಬಂದರು. ಬರುವ ಹೊತ್ತಲ್ಲ ಅದು. ಬಲಗೈಯನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ತೂಗುಹಾಕಿಕೊಂಡಿದ್ದರು. ಮುಖದ ಒಂದು ಕಡೆ ಚರ್ಮ ಕಿತ್ತು ಹೋಗಿತ್ತು. ನಾನು ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಆದದ್ದು ಇಷ್ಟು. ಸ್ವಂತ ಬೋಟು ದಡದಲ್ಲೇ ಕೂತಿದ್ದರಿಂದ ಅವರು ಪಕ್ಕದ ಊರಿನವನ ನಾಡದೋಣಿಯಲ್ಲಿ ಹೋಗತೊಡಗಿದ್ದರು. ಮಳೆಗಾಲದ ಬಂದ್ ದೊಡ್ಡ ಬೋಟುಗಳಿಗೆ ಮಾತ್ರ. ಸಣ್ಣ ದೋಣಿಯವರು ಹೋಗಬಹುದು, ಜೀವದ ಆಸೆ ಬಿಟ್ಟು. ಆ ದಿನ ನೀರು ಶಾಂತವಾಗಿತ್ತಂತೆ. ಹೋಗಿ ತುಸು ಹೊತ್ತಿಗೆ ಗಾಳಿ ಎದ್ದಿತು, ದೋಣಿ ಮಗುಚಿತು. ಇವರು ದೋಣಿಯ ಅಂಚು ಹಿಡಿದುಕೊಂಡು ಉಳಿದರು. ಜೊತೆಯಲ್ಲಿದ್ದವನು ಸಿಗಲಿಲ್ಲ.

ಒಳಗಿನಿಂದ ಬಾಯಮ್ಮನ ದನಿ ಕೇಳಿಸಿತು. ನನಗೂ ಕೇಳಲಿ ಎಂದೋ ಏನೋ, ಕನ್ನಡದಲ್ಲೇ ಹೇಳಿದರು.

"ನೀವು ಹೇಳಿದ್ದು ಸತ್ಯ ಅಂತ ನನಗೆ ಗೊತ್ತುಂಟು. ದೇವರಿಗೂ ಗೊತ್ತುಂಟು. ಆ ಸತ್ಯ ಹಿಡ್ಕೊಂಡು ಇವನ ಹೆಣ ನೋಡ್ಲಿಕ್ಕೆ ಹೋಗ್ತೀರಾ?"

ರೈಟ್ರು ಹೊರಗೆ ಬಂದರು. ಕೈಯಲ್ಲಿ ಚೀಟಿ ಇತ್ತು.

"ಮಾಸ್ಟ್ರೇ, ಇದನ್ನು ಒಳ್ಳೆಯ ಕಾಗದದಲ್ಲಿ ಚಂದ ಮಾಡಿ ಬರೆದುಕೊಡಿ."

ಚೀಟಿ ಓದಿದೆ. ಸಭೆಯಲ್ಲಿ ತಾನು ಹೇಳಿದ್ದು ತಪ್ಪು ತಿಳುವಳಿಕೆಯಿಂದ. ಬಂದ್ ಅವಧಿ ಮುಂದೂಡುವ ಅಗತ್ಯವಿಲ್ಲ. ಕಡಲಿನ ನೀರಿನಲ್ಲಾಗಲಿ ಮೀನು ಬರುವ ಕಾಲದಲ್ಲಾಗಲಿ ತಾನು ಯಾವ ಬದಲಾವಣೆಯನ್ನೂ ಕಂಡಿಲ್ಲ. ಒಂದು ಪ್ರತಿ ಸಂಘಕ್ಕೆ, ಒಂದು ಪ್ರತಿ ಇಲಾಖೆಯ ಕಚೇರಿಗೆ.

"ನಿಮಗೆ ಬೇಡ ಅನ್ನಿಸಿದ್ರೆ ನಾನು ಬರೆಯೋದಿಲ್ಲ" ಎಂದೆ.

"ನೀವು ಬರೆಯದಿದ್ರೆ ಸಕಲೇಶಪುರದಲ್ಲಿ ಟೈಪ್ ಮಾಡಿಸ್ತೇನೆ. ಅದಕ್ಕಿಂತ ನೀವೇ ಬರೀರಿ. ಗೊತ್ತಿದ್ದವರು ಬರೀಲಿ."

ಉತ್ತರಪತ್ರಿಕೆ ಸರಿಸಿ ಅಲ್ಲೇ ಬರೆದೆ. ನನ್ನ ದುಂಡಗಿನ ಅಕ್ಷರದಲ್ಲೇ, ಗೆರೆ ತಪ್ಪದೆ ಬರೆದೆ. ಓದಿ ಹೇಳಿ ಎಂದರು, ಓದಿದೆ. ಬದಲಾವಣೆ ಕಂಡಿಲ್ಲ ಎನ್ನುವ ಸಾಲು ಮುಗಿದಾಗ, "ಅದು ಇನ್ನೊಮ್ಮೆ" ಎಂದರು. ಇನ್ನೊಮ್ಮೆ ಓದಿದೆ. ಪೆನ್ನು ಮುಷ್ಟಿಯಲ್ಲಿ ಹಿಡಿದು ಎರಡು ಪ್ರತಿಗೂ ಸಹಿ ಹಾಕಿದರು. ತಮ್ಮ ಹೊಸ್ತಿಲ ಮೇಲೆ ಕೂತು ಎಡಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ರೈಟ್ರು ಅವರ ತಲೆ ಮುಟ್ಟಿ, "ಊಟ ಮಾಡಿ ಹೊರಡು, ಬಸ್ಸಿಗೆ ಹೊತ್ತುಂಟು" ಎಂದರು.

ಬಂದ್ ಮುಗಿಯುತ್ತಲೇ ತಮ್ಮನ ಬೋಟಿಗೆ ಐಸು ಸಿಕ್ಕಿತು, ಆಳುಗಳು ಹತ್ತಿದರು. ಅದೇ ವರ್ಷ ಮಳೆ ತಡವಾಗಿತ್ತು. ಬಂದ್ ಮುಂದೂಡುವ ಮಾತು ಬಂದಾಗ ಸಂಘದವರು ಈ ಕಾಗದವನ್ನೇ ಎದುರಿಗಿಟ್ಟರಂತೆ. ಹೇಳಿದವನೇ ಇಲ್ಲವೆನ್ನುತ್ತಾನೆ, ಇನ್ನೇನು ಬೇಕು ಎಂದರಂತೆ. ಮಾತು ಅಲ್ಲಿಗೇ ಬಿತ್ತು.

ಅದಾಗಿ ಎರಡು ವಾರವಿರಬಹುದು, ಸಂತೆಯ ದಿನ ನಾವಿಬ್ಬರೂ ಸಕಲೇಶಪುರಕ್ಕೆ ಹೋಗಿದ್ದೆವು. ಎಂದೂ ಮೀನು ಮಾರುಕಟ್ಟೆಯ ಕಡೆ ತಿರುಗದವರು ಆ ದಿನ ನೇರ ಅಲ್ಲಿಗೆ ನಡೆದರು. ನಾನು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಹಿಂದೆ ಹೋದೆ. ಪೆಟ್ಟಿಗೆ ಪೆಟ್ಟಿಗೆ ಬೂತಾಯಿ ಬಂದಿತ್ತು. ನಾನು ಮೊದಲ ಸಲ ನೋಡಿದೆ. ಅವರು ಅಂಗೈಯಲ್ಲಿ ತೋರಿಸಿದಷ್ಟೇ ಉದ್ದ. ರೈಟ್ರು ಒಂದನ್ನು ಎತ್ತಿ ಹೆಬ್ಬೆರಳಿನಿಂದ ಹೊಟ್ಟೆ ಒತ್ತಿದರು. ಹಳದಿಯ ಸಣ್ಣ ಸಣ್ಣ ಕಾಳು ಬೆರಳ ಮೇಲೆ ಹರಿದು ಬಂತು. ಇನ್ನೊಂದನ್ನು ಎತ್ತಿ ಒತ್ತಿದರು. ಅದರಲ್ಲೂ ಇತ್ತು. ಹೀಗೆ ನಾಲ್ಕೈದು ನೋಡಿದರು.

"ಮೊಟ್ಟೆ ಇರೋದೇ ರುಚಿ ಕಣ್ರೀ, ತಗೊಳ್ರಿ" ಎಂದ ಅಂಗಡಿಯವನು.

"ಇವೆಲ್ಲ ಇನ್ನೂ ಇಡ್ಲಿಕ್ಕಿತ್ತು ಮಾಸ್ಟ್ರೇ" ಎಂದರು ನನ್ನ ಕಡೆ ತಿರುಗಿ. "ಇನ್ನು ಸ್ವಲ್ಪ ದಿವಸ ಬಿಟ್ಟಿದ್ರೆ ಇಟ್ಟುಬಿಡ್ತಿದ್ವು."

ಬೆರಳು ಒರೆಸಿಕೊಳ್ಳದೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಆ ಕೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದರು.

ಮುಂದಿನ ವರ್ಷಗಳಲ್ಲಿ ಬೂತಾಯಿ ಕಡಿಮೆಯಾಗುತ್ತ ಬಂತು. ಅದೊಂದೇ ಕಾರಣವೆಂದು ಅವರೂ ಹೇಳುತ್ತಿರಲಿಲ್ಲ. ಬೋಟುಗಳು ಹೆಚ್ಚಾಗಿದ್ದವು, ಬಲೆಯ ಕಣ್ಣು ಸಣ್ಣದಾಗಿತ್ತು, ನೀರಿನ ಸಂಗತಿ ಬೇರೆ. ಆದರೆ ಆ ವರ್ಷದ ಮಾತು ಬಂದಾಗ ಎದ್ದು ಒಳಗೆ ಹೋಗುತ್ತಿದ್ದರು. ಊರಿಗೆ ಹೋಗಲು ಈಗ ಅಡ್ಡಿಯೇನೂ ಇರಲಿಲ್ಲ. ಸಂಘದವರು ಕ್ಷಮಿಸಿದ್ದರು. ಬಾಯಮ್ಮ ಹಬ್ಬಕ್ಕೆ ಹೋಗಿ ಬರುತ್ತಿದ್ದರು. ಇವರು ಹೋಗಲಿಲ್ಲ. ಯಾಕೆ ಹೋಗುವುದಿಲ್ಲ ಎಂದು ಕೇಳಿದ್ದಕ್ಕೆ, "ಅಲ್ಲಿ ಎಲ್ಲರೂ ನನ್ನನ್ನು ನೋಡಿ ನಗಾಡ್ತಾರೆ" ಎಂದರು. ಸ್ವಲ್ಪ ಬಿಟ್ಟು, "ಮೊದಲಿನ ಹಾಗೆ, ಪ್ರೀತಿಯಲ್ಲಿ. ಅದು ನನ್ನಿಂದ ಆಗುದಿಲ್ಲ" ಎಂದರು.

ಒಂದು ದಿನ ಎಸ್ಟೇಟಿಗೆ ಜೀಪೊಂದು ಬಂತು. ಅಧಿಕಾರಿಯೊಬ್ಬರು, ನಡುವಯಸ್ಸಿನ ಹೆಂಗಸು, ಇವರನ್ನು ಹುಡುಕಿಕೊಂಡು ಬಂದಿದ್ದರು. ಮೀನು ಯಾಕೆ ಕಡಿಮೆಯಾಯಿತು, ಬಂದ್ ನಿಯಮ ಬದಲಿಸಬೇಕೇ ಎಂದು ವಿಚಾರಣೆ ಇತ್ತು. ಹಳೆಯ ತಂಡೇಲರು ಬಂದು ಹೇಳಬೇಕು ಎಂದರು.

"ನಾನು ಹೇಳಿದ್ದು ನಿಮ್ಮ ಫೈಲಿನಲ್ಲೇ ಉಂಟು. ಅದು ಸುಳ್ಳು ಅಂತ ನಾನೇ ಬರೆದುಕೊಟ್ಟದ್ದೂ ಉಂಟು. ಈಗ ಮೂರನೆಯದು ಎಂತ ಹೇಳುದು?"

ಅಧಿಕಾರಿ ವಿಚಾರಣೆಯ ತಾರೀಕು ಬರೆದ ಕಾಗದ ಕೊಟ್ಟು ಹೋದರು. ಆ ವಾರ ಎಸ್ಟೇಟಿನ ಆಫೀಸಿಗೆ ತಮ್ಮನ ಫೋನು ಬಂತು. "ಬೇಕಾದ್ರೆ ಬಂದು ಹೇಳಣ್ಣ. ಈಗ ಮೀನೇ ಇಲ್ಲ, ಬೋಟು ಕಟ್ಟಿಹಾಕಿದ್ರೂ ಒಂದೇ, ಬಿಟ್ಟರೂ ಒಂದೇ." ರೈಟ್ರು ಬಂದು ನನ್ನ ಬಾಗಿಲಲ್ಲಿ ನಿಂತರು. "ನೀವೂ ಬರ್ತೀರಾ?" ಎಂದರು. ನಾನು ರಜೆ ಹಾಕಿದೆ.

ಶಿರಾಡಿ ಇಳಿದು ಹೋದೆವು. ಬಂದರಿನ ಪಕ್ಕದ ಒಂದು ಸಭಾಂಗಣ. ನೂರಾರು ಜನ. ಹೋಗುವ ದಾರಿಯಲ್ಲಿ ಕೆಲವರು ಅವರ ಬೆನ್ನು ತಟ್ಟಿದರು, ಒಬ್ಬ ಅಪ್ಪಿಕೊಂಡ. ತಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದರು. ಇವರ ಸರದಿ ಬಂದಾಗ ಎದ್ದು ಕಾಲು ಅಗಲಿಸಿ ನಿಂತು, ಮೊದಲ ಸಭೆಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರು. ದನಿಯಲ್ಲಿ ಕೋಪವಿರಲಿಲ್ಲ. ಆಳುಗಳಿಗೆ ಕೆಲಸ ಹಂಚುವಾಗಿನ ದನಿ.

ಅಧಿಕಾರಿ ಫೈಲಿನಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ಇದೂ ನಿಮ್ಮ ಸಹಿ, ಇದೂ ನಿಮ್ಮ ಸಹಿ. ನಾನು ಯಾವುದನ್ನು ಇಟ್ಟುಕೊಳ್ಳಲಿ?"

"ಒಂದು ಕಡಲಿನ ಬಗ್ಗೆ ಹಾಕಿದ ಸಹಿ, ಇನ್ನೊಂದು ತಮ್ಮನ ಬಗ್ಗೆ ಹಾಕಿದ್ದು. ಕಡಲಿನದ್ದನ್ನು ಇಟ್ಟುಕೊಳ್ಳಿ ಮೇಡಂ."

"ಇಷ್ಟು ಚಂದ ಮಾಡಿ ಬರೆದುಕೊಟ್ಟದ್ದು ಯಾರು ಮತ್ತೆ?" ಎಂದು ಯಾರೋ ಕೇಳಿದರು.

ನಾನು ಎದ್ದೆ. "ನಾನು ಬರೆದದ್ದು. ಸುಳ್ಳು ಅಂತ ಗೊತ್ತಿದ್ದೇ ಬರೆದೆ."

"ನೀವು ಯಾವೂರು? ಕಡಲು ನೋಡಿದ್ದೀರಾ?"

"ಇಲ್ಲ" ಎಂದೆ. ಆ ಕ್ಷಣದವರೆಗೆ ನೋಡಿರಲಿಲ್ಲ. ಬಸ್ಸು ಇಳಿದು ನೇರ ಒಳಗೆ ಬಂದಿದ್ದೆವು. ಸಭೆ ನಕ್ಕಿತು. ನಗುವಿನಲ್ಲಿ ಕೆಡುಕೇನೂ ಇರಲಿಲ್ಲ. ಅಧಿಕಾರಿಯೂ ಮುಖ ತಗ್ಗಿಸಿ ನಕ್ಕು, ಆಮೇಲೆ ತಮಗಿರುವ ಕಷ್ಟ ಹೇಳಿದರು. ಒಬ್ಬರೇ ಕೊಟ್ಟ ಎರಡು ಹೇಳಿಕೆ ಒಂದಕ್ಕೊಂದು ವಿರುದ್ಧವಾಗಿರುವುದರಿಂದ ಎರಡನ್ನೂ ಲೆಕ್ಕಕ್ಕೆ ಹಿಡಿಯಲಿಕ್ಕಾಗುವುದಿಲ್ಲ ಎಂದರು. ಬೇರೆ ಯಾರಾದರೂ ಹೇಳುವುದಿದೆಯೇ ಎಂದು ಕೇಳಿದರು. ಯಾರೂ ಏಳಲಿಲ್ಲ.

ಹೊರಗೆ ಬಂದ ಮೇಲೆ ಅವರು ನನ್ನನ್ನು ಬೋಟುಗಳಿಲ್ಲದ ಕಡೆ, ಮರಳಿನ ದಡಕ್ಕೆ ಕರೆದುಕೊಂಡು ಹೋದರು. ನಾನು ಚಪ್ಪಲಿ ಬಿಟ್ಟು ನಿಂತೆ. ಅಷ್ಟು ನೀರನ್ನು ಒಟ್ಟಿಗೆ ನಾನು ಯೋಚಿಸಿಯೂ ಇರಲಿಲ್ಲ. ಅವರು ಪ್ಯಾಂಟು ಮಡಚಿ ಮೊಣಕಾಲವರೆಗೆ ಇಳಿದು, ಬಗ್ಗಿ, ಎರಡೂ ಕೈ ನೀರಲ್ಲಿ ಬಿಟ್ಟು ಬಹಳ ಹೊತ್ತು ಹಾಗೇ ಇದ್ದರು.

"ಬನ್ನಿ, ಮುಟ್ಟಿ ನೋಡಿ. ಎಷ್ಟು ಬಿಸಿ."

ಮುಟ್ಟಿದೆ. ಉಗುರುಬೆಚ್ಚಗಿತ್ತು. ಮೊದಲು ಹೇಗಿತ್ತೆಂದು ಗೊತ್ತಿಲ್ಲದವನು ಏನು ಹೇಳಲಿ? ಅವರು ನನ್ನ ಮುಖ ನೋಡಿದರು. ಇನ್ನೊಮ್ಮೆ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಘಟ್ಟ ಹತ್ತಿದೆವು. ತಮ್ಮ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ರೈಟ್ರು ಬಸ್ಸು ಹೊರಡುವವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಮರುದಿನ ಏಳು ಗಂಟೆಗೆ ಕಣದಲ್ಲಿ ಹಾಜರಿ ಕರೆಯುವ ದನಿ ನನ್ನ ಮನೆಯವರೆಗೆ ಕೇಳಿಸಿತು.

ಆಮೇಲೆ ನನಗೆ ಆಲೂರಿನ ಕಡೆ ವರ್ಗವಾಯಿತು. ವರ್ಷಕ್ಕೆ ಒಂದೆರಡು ಸಲ ಹೋಗಿ ನೋಡಿಕೊಂಡು ಬರುತ್ತಿದ್ದೆ. ಬರಬರುತ್ತಾ ಮಾತು ಕಡಿಮೆ ಮಾಡಿದ್ದರು. ಒಂದು ಬೆಳಿಗ್ಗೆ ಹಾಜರಿ ಪುಸ್ತಕ ಬಿಡಿಸುವಾಗಲೇ ಎದೆ ಹಿಡಿದುಕೊಂಡು ಕುಸಿದರಂತೆ. ಮೇಸ್ತ್ರಿ ಫೋನು ಮಾಡಿ, "ರೈಟ್ರು ಹೋಗ್ಬುಟ್ರು ಮೇಷ್ಟ್ರೇ" ಎಂದ.

ಸಕಲೇಶಪುರದಲ್ಲೇ ಮಣ್ಣು ಮಾಡಿದರು. ಊರಿಗೆ ಒಯ್ಯಬೇಡಿ ಎಂದು ಬಾಯಮ್ಮನ ಹತ್ತಿರ ಮೊದಲೇ ಹೇಳಿದ್ದರಂತೆ. ಲೈನಿನ ಆಳುಗಳೆಲ್ಲ ಬಂದಿದ್ದರು. ಕೆಳಗಿನಿಂದ ತಮ್ಮ ಒಬ್ಬರೇ ಬಂದರು. ಎಲ್ಲ ಮುಗಿದು ಜನ ಚದುರಿದ ಮೇಲೆ ಅವರು ನನ್ನ ಪಕ್ಕ ಬಂದು ಕಟ್ಟೆಯ ಮೇಲೆ ಕೂತರು.

"ಮಾಸ್ಟ್ರೇ, ನಿಮ್ಮ ಹತ್ರ ಒಂದು ಹೇಳ್ಲಿಕ್ಕುಂಟು. ಆ ವಿಚಾರಣೆ ಆದ ಮೇಲೆ ಎರಡು ವರ್ಷ ಮಳೆ ತಡ ಆಯ್ತು. ಬಂದ್ ಮುಗಿದ ದಿವಸ ಎಲ್ಲರ ಬೋಟು ಇಳಿಯಿತು, ನಾನು ಇಳಿಸಲಿಲ್ಲ. ಇಂಜಿನು ಹಾಳಾಗಿದೆ ಅಂತ ಹೇಳಿ ಮೂರು ವಾರ ಕಟ್ಟಿಹಾಕಿದೆ. ಎರಡು ವರ್ಷವೂ."

ನಾನು ಅವರ ಮುಖ ನೋಡಿದೆ.

"ಒಂದು ಬೋಟು ನಿಂತ್ರೆ ಎಂತ ಆಗ್ತದೆ ಹೇಳಿ. ಏನೂ ಆಗುದಿಲ್ಲ. ನಾನು ಬಿಟ್ಟದ್ದನ್ನು ಪಕ್ಕದವ ಹಿಡಿದ. ಆದ್ರೂ ಕಟ್ಟಿಹಾಕಿದೆ."

"ಅಣ್ಣನಿಗೆ ಹೇಳಿದಿರಾ?"

ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಹೇಳ್ಬೇಕು ಅಂತಲೇ ಫೋನ್ ಮಾಡ್ತಿದ್ದೆ. ಅವ ತೆಗೆದ ಕೂಡಲೇ, ಬೋಟು ಇಳಿಸಿದಿಯಾ ಅಂತ ಕೇಳ್ತಿದ್ದ. ಬಂದರಿನಲ್ಲಿ ಅಕ್ಕಪಕ್ಕ ಜನ ಇರ್ತಿದ್ರು, ನಿಜ ಹೇಳ್ಲಿಕ್ಕೆ ಆಗ್ತಿರಲಿಲ್ಲ. ಹೂಂ ಅಂತ ಹೇಳಿ ಇಟ್ಟುಬಿಡ್ತಿದ್ದೆ."